ಭಾನುವಾರಕ್ಕೆ ಇಟ್ಟ ಮಾತು

“ಈಗ ಬ್ಯಾಡ್ರಿ. ಭಾನುವಾರಕ್ಕ ಇಡ್ರಿ,” ಎಂದಳು ಯಶೋಧರಾ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ.

ಶಿವರಾಜ ಹೊಸ್ತಿಲಲ್ಲೇ ನಿಂತಿದ್ದ. ಡಿಪೋದಲ್ಲಿ ಟಿಕೆಟ್ ಮಷೀನು ಒಪ್ಪಿಸಿ ಮನೆಗೆ ಬಂದವನೇ ಬಚ್ಚಲಿಗೆ ನಡೆದು ಮುಖ ತೊಳೆಯುವುದು ಅವನ ರೂಢಿ. ಅವತ್ತು ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಖಾಕಿ ಅಂಗಿ ಎದೆಯ ಹತ್ತಿರ ಮುದುಡಿ ಮುದ್ದೆಯಾಗಿತ್ತು. “ಇವತ್ತು ಲಿಂಗಸೂರಾಗ ಒಬ್ಬಾಕಿ ಹತ್ತಿದ್ಳು, ಯಶೋಧಾ,” ಎಂದು ಅವನು ತೆಗೆದ ಮಾತು ಅಲ್ಲಿಗೇ ನಿಂತಿತು.

“ಕತಿ ಅಲ್ಲ ಇದು,” ಎಂದ.

“ಕತಿ ಅಲ್ಲದ್ದನ್ನ ಛಲೋ ಹೇಳ್ತೀರಿ ನೀವು. ಅದಕ್ಕ ಇಡ್ರಿ ಅಂದೆ,” ಎಂದು ಅವಳು ನಕ್ಕಳು.

ಮಂಗಳವಾರ ಅವಳಿಗೆ ತಿದ್ದುವ ದಿನ. ಭತ್ತದ ನಾಟಿಗೆಂದು ಜವಳಗೇರಾಕ್ಕೆ ಹೊರಟ ಕೂಲಿ ಹೆಣ್ಣುಮಕ್ಕಳು ಕಿಟಕಿ ಪಕ್ಕದ ಸೀಟಿಗೆ ಜಗಳಾಡಿ, ಕೊನೆಗೆ ಆ ಸೀಟನ್ನು ಒಂದು ಬುತ್ತಿಗಂಟಿಗೆ ಬಿಟ್ಟುಕೊಟ್ಟ ಪ್ರಸಂಗ ತೆರೆಯ ಮೇಲೆ ಅರ್ಧ ತಿದ್ದಿಕೊಂಡು ಕೂತಿತ್ತು. ಶಿವರಾಜ ತಲೆಯಾಡಿಸಿ ಒಳಗೆ ಹೋದ. ಬಚ್ಚಲಿನಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಟಾಕಿ ಖಾಲಿಯಾಗುತ್ತದೆಂದು ಅವಳು ಕೂತಲ್ಲಿಂದಲೇ ಕೂಗಿ ಹೇಳಿ, ಒಂದು ವಾಕ್ಯ ಅಳಿಸಿದಳು.

ಬ್ಲಾಗಿನ ಹೆಸರು ‘ಮುಂದ ಸರೀರಿ’. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗಿಬರುವ ಬಸ್ಸಿನಲ್ಲಿ ಶಿವರಾಜ ದಿನವಿಡೀ ಅನ್ನುತ್ತಿದ್ದ ಮಾತು ಅದು. ಮನೆಯಲ್ಲೂ ಒಮ್ಮೊಮ್ಮೆ, ಅಡುಗೆ ಕಟ್ಟೆಯ ಮುಂದೆ ಅವಳು ಅಡ್ಡ ನಿಂತಿದ್ದರೆ, ಬಾಯಿತಪ್ಪಿ ಬಂದುಬಿಡುತ್ತಿತ್ತು.

ಬ್ಲಾಗಿಗೂ ಮೊದಲು ಆ ಮನೆಯಲ್ಲಿ ಮಾತೇ ಇರಲಿಲ್ಲ. ಅವರ ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ತೀರಿಕೊಂಡಿತ್ತು. ಹೆಣ್ಣು ಕೂಸು. ಬುದ್ಧ ವಿಹಾರಕ್ಕೆ ಭಿಕ್ಷು ಭಂತೇಜಿಯನ್ನು ಕರೆಸಿ ಹೆಸರಿಡುವುದೆಂದು ಶಿವರಾಜನ ಅಪ್ಪ ಅಂಬಪ್ಪ ಮೊದಲೇ ಹೇಳಿಟ್ಟಿದ್ದ. ಯಾವ ಹೆಸರೆಂದು ಯಶೋಧರಾ ಗಂಡನಿಗೊಬ್ಬನಿಗೇ ಹೇಳಿದ್ದಳು, ಬಸುರಿಯಾಗಿದ್ದಾಗ ಒಂದು ಸಂಜೆ, ಕರೆಂಟು ಹೋಗಿ ಮಾಳಿಗೆ ಮೇಲೆ ಗಾಳಿಗೆ ಕೂತಿದ್ದಾಗ. ಆಮೇಲೆ ಆ ಹೆಸರನ್ನು ಇಬ್ಬರೂ ಎತ್ತಲಿಲ್ಲ. ಕೂಸನ್ನು ಮಣ್ಣಿಗೆ ಒಯ್ದವನು ಶಿವರಾಜ. ಜೊತೆಗೆ ಹೋದವನು ಅವಳ ತಮ್ಮ ಲಕ್ಷ್ಮಣ. ಹೊಲಿಗೆ ಹಾಕಿಸಿಕೊಂಡು ಮಂಚದ ಮೇಲಿದ್ದ ಅವಳು, ಎಲ್ಲಿ ಇಟ್ಟಿರಿ ಎಂದು ಕೇಳಲಿಲ್ಲ. ಆಮೇಲೆ ಕೇಳುವುದಕ್ಕೆ ಅದು ಯಾವಾಗಲೂ ಒಂದು ದಿನ ತಡವಾದಂತೆ ಕಾಣುತ್ತಿತ್ತು.

ಆ ಮೌನದೊಳಗೆ ಮೊದಲು ಬಂದವರು ಬಸ್ಸಿನವರು. ಒಂದು ರಾತ್ರಿ ಊಟಕ್ಕೆ ಕೂತಾಗ ಶಿವರಾಜ, ಅವಳು ಕೇಳದಿದ್ದರೂ, ಮಸ್ಕಿಯಲ್ಲಿ ಹತ್ತಿದ ಒಬ್ಬ ಮುದುಕನ ಸುದ್ದಿ ತೆಗೆದ. ಮುದುಕ ಬೀಗರೊಡನೆ ಮುನಿಸಿಕೊಂಡು ಬಂದಿದ್ದ. ದಾರಿಯುದ್ದಕ್ಕೂ ಬೈದು ಬೈದು, ಇಳಿಯುವ ಹೊತ್ತಿಗೆ ಬೀಗರ ಮನೆಯ ಮಜ್ಜಿಗೆ ಸಾರು ಚೆನ್ನಾಗಿತ್ತೆಂದು ಒಪ್ಪಿಕೊಂಡಿದ್ದ. ಯಶೋಧರಾಳಿಗೆ ನಗು ಬಂತು. ಎಷ್ಟೋ ತಿಂಗಳ ಮೇಲೆ ಬಂದ ನಗುವಿಗೆ ಅವಳೇ ಬೆಚ್ಚಿದ್ದಳು. ಮರುದಿನ ಮತ್ತೊಂದು, ಅದರ ಮರುದಿನ ಮತ್ತೊಂದು. ಅವನು ಪ್ರಯಾಣಿಕರ ದನಿ ತೆಗೆಯುತ್ತಿದ್ದ, ಕೈ ತಿರುಗಿಸುತ್ತಿದ್ದ, ಸಾರಿನ ಸೌಟನ್ನೇ ಟಿಕೆಟ್ ಮಷೀನು ಮಾಡಿಕೊಳ್ಳುತ್ತಿದ್ದ. ಅವನಲ್ಲಿ ಇಷ್ಟು ಮಂದಿ ಇದ್ದಾರೆಂದು ಅವಳಿಗೆ ಮದುವೆಯಾದ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಅವಳು ಬರೆಯತೊಡಗಿದ್ದು ಹಾಗೆ. ಕಾಲೇಜೊಂದರ ಕಚೇರಿಯಲ್ಲಿ ಅವಳದು ಗುಮಾಸ್ತೆಯ ಕೆಲಸ. ದಿನವೆಲ್ಲಾ ಅರ್ಜಿ, ದಾಖಲಾತಿ, ಅಂಕಪಟ್ಟಿ. ಬಸ್ಸಿನವರನ್ನು ಬರೆಯುವಾಗ ಬೇರೆಯೇ ಒಂದು ಕಿಟಕಿ ತೆರೆದ ಹಾಗಾಗುತ್ತಿತ್ತು. ಓದುವವರು ಸಿಕ್ಕರು. ಎಲ್ಲೋ ದೂರದ ಊರಿನಲ್ಲಿದ್ದವರು, ನಮ್ಮ ಕಡೆಯ ಬಸ್ಸಿನಲ್ಲಿ ಕೂತು ಬಂದ ಹಾಗಾಯಿತೆಂದು ಬರೆದರು. ಆದರೆ ಒಂದು ವಾರ ಎರಡು ಪೋಸ್ಟು ಬಂದರೆ ಆಮೇಲೆ ತಿಂಗಳು ಏನೂ ಇಲ್ಲ. ಬ್ಲಾಗು ಬರೆಯುವವರಿಗಾಗಿ ಯಾರೋ ಆನ್‌ಲೈನಿನಲ್ಲಿ ನಡೆಸಿದ ಪಾಠಕ್ಕೆ ಅವಳು ಸೇರಿಕೊಂಡಳು. ಮನಸ್ಸು ಬಂದಾಗ ಬರೆಯುವವರು ಬೇಗ ನಿಲ್ಲಿಸುತ್ತಾರೆ, ವಾರಕ್ಕೆ ಒಂದು ಕಟ್ಟು ಇರಬೇಕು, ದಿನಕ್ಕೊಂದೇ ಕೆಲಸ ಇರಬೇಕು ಎಂದು ಅಲ್ಲಿ ಹೇಳಿದರು. ಆ ಮಾತು ಅವಳಿಗೆ ಔಷಧದಂತೆ ಹಿಡಿಸಿತು. ಬೆಳಗ್ಗೆ ಎದ್ದ ಕೂಡಲೇ ಇವತ್ತು ಏನು ಮಾಡಬೇಕೆಂದು ಗೊತ್ತಿರುವುದು ಎಷ್ಟು ದೊಡ್ಡ ಆಸರೆ ಎಂಬುದು, ಏನೂ ಮಾಡಲಾರದೆ ಗೋಡೆ ನೋಡಿಕೊಂಡು ಮಲಗಿದ್ದವರಿಗೇ ಗೊತ್ತು.

ಅಡುಗೆಮನೆಯ ಗೋಡೆಗೆ ಒಂದು ಹಾಳೆ ಬಂತು. ಭಾನುವಾರ ಕೇಳಿ ರೆಕಾರ್ಡ್ ಮಾಡುವುದು. ಸೋಮವಾರ, ಮಧ್ಯಾಹ್ನದ ಬಿಡುವಿನಲ್ಲಿ, ಕೇಳಿಸಿಕೊಂಡು ಬರೆಯುವುದು. ಮಂಗಳವಾರ ತಿದ್ದುವುದು. ಬುಧವಾರ ಮುಟ್ಟಬಾರದು, ಬರಹ ಆರಲಿಕ್ಕೆ ಬಿಡಬೇಕು. ಗುರುವಾರ ಗಟ್ಟಿಯಾಗಿ ಓದಿ, ಊರು ಹೆಸರು ಬದಲಿಸಿ, ಒಂದು ಫೋಟೋ ಹುಡುಕುವುದು. ಶುಕ್ರವಾರ ಮುಂಜಾನೆ, ಜನ ಕೆಲಸಕ್ಕೆ ಹೊರಡುವ ಮೊದಲು, ಹಾಕುವುದು. ಶನಿವಾರ ಓದಿದವರಿಗೆ ಉತ್ತರ.

ಒಂದೇ ತೊಡಕಿತ್ತು. ವಾರದ ನಡುವೆ ಊಟಕ್ಕೆ ಕೂತಾಗ ಹೇಳಿದ್ದನ್ನು ಶಿವರಾಜ ಭಾನುವಾರ ಮತ್ತೆ ಹೇಳುವಾಗ ಅದು ಸೊರಗಿರುತ್ತಿತ್ತು. ದನಿ ತೆಗೆಯುತ್ತಿರಲಿಲ್ಲ, ಕೈ ತಿರುಗಿಸುತ್ತಿರಲಿಲ್ಲ. ಆಗಲೇ ಹೇಳಿದೆನಲ್ಲಾ ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದ. ಮೊದಲ ಸಲ ಹೇಳುವಾಗಿನ ಬಿಸಿ ಎರಡನೇ ಸಲಕ್ಕೆ ಇರುವುದಿಲ್ಲವೆಂದು ಯಶೋಧರಾ ಕಂಡುಕೊಂಡಳು. ಅದಕ್ಕೇ ಆ ನಿಯಮ: ಏನಿದ್ದರೂ ಮೊದಲ ಸಲ ಫೋನಿಗೇ ಹೇಳಬೇಕು. ಶಿವರಾಜ ಒಳ್ಳೆಯ ನೌಕರ. ನಿಯಮವೆಂದರೆ ಅವನಿಗೆ ಒಗ್ಗುತ್ತಿತ್ತು. ಮೊದಮೊದಲು ಬಾಯಿ ತೆರೆದು, ನೆನಪಾಗಿ, ತುಟಿಯ ಮೇಲೆ ಬೆರಳಿಟ್ಟು ನಗುತ್ತಿದ್ದ. ಆಮೇಲೆ ಬೆರಳಿಡುವುದೂ ಬೇಕಾಗಲಿಲ್ಲ. ಊಟ ಬೇಗ ಮುಗಿಯತೊಡಗಿತು. ತಟ್ಟೆ ತೊಳೆಯುವಾಗ ಅವಳು ಅದನ್ನು ಮೌನವೆಂದು ಎಣಿಸಲಿಲ್ಲ. ಭಾನುವಾರಕ್ಕೆ ಕೂಡಿಡುತ್ತಿದ್ದಾನೆ ಎಂದುಕೊಂಡಳು.

ಅವನ ಮಾತು ಹೊಸ್ತಿಲಲ್ಲೇ ನಿಂತ ಆ ಮಂಗಳವಾರ ಕಳೆದು ಬಂದ ಭಾನುವಾರ ಅವನು ಹೇಳಿದ್ದು ಗಿರಿಯಮ್ಮ ಎಂಬ ಮುದುಕಿಯ ಪ್ರಸಂಗ. ಕೈಚೀಲದಿಂದ ತಲೆ ಹೊರಗೆ ಹಾಕಿದ್ದ ಕೋಳಿಗೂ ಟಿಕೆಟ್ ತೆಗೆಯಬೇಕೆಂದರೆ, ಇದು ಹ್ಯಾಟಿ, ಹುಂಜ ಅಲ್ಲ, ಹೆಣ್ಣಿಗೆ ಬಸ್ಸು ಪುಕ್ಕಟೆ ಅಂದಿರಲ್ಲಾ ಎಂದು ಇಡೀ ಬಸ್ಸನ್ನೇ ಸಾಕ್ಷಿಗೆ ಕರೆದಿದ್ದಳಂತೆ. ಶಿವರಾಜ ಚೆನ್ನಾಗಿ ಹೇಳಿದ. ರೆಕಾರ್ಡ್ ನಿಲ್ಲಿಸಿದ ಮೇಲೆ ಯಶೋಧರಾಳಿಗೆ ನೆನಪಾಗಿ, ಮಂಗಳವಾರ ಏನೋ ಹೇಳಲಿಕ್ಕೆ ಬಂದಿದ್ದಿರಲ್ಲಾ ಎಂದು ಕೇಳಿದ್ದಳು. ಮರೆತೆ ಎಂದ. ಅವಳೂ ಬಿಟ್ಟಳು. ‘ಹ್ಯಾಟಿಯ ಟಿಕೆಟ್’ ಅವಳ ಬರಹಗಳಲ್ಲೇ ಎಲ್ಲಕ್ಕಿಂತ ಹೆಚ್ಚು ಜನ ಓದಿದ್ದಾಯಿತು.

ಅದಾಗಿ ಕೆಲವು ವಾರಗಳಿಗೆ, ಒಂದು ಬುಧವಾರ, ಕಾಲೇಜಿನ ಕಾಗದಪತ್ರ ಒಪ್ಪಿಸಲು ಅವಳು ಲಿಂಗಸುಗೂರಿಗೆ ಹೋದಳು. ಮರಳುವಾಗ ಸಿಕ್ಕಿದ್ದು ಶಿವರಾಜನದೇ ಬಸ್ಸು. ಶಿವರಾಜನಿಗೆ ಅವತ್ತು ರಜೆ. ಕಂಡಕ್ಟರ್ ಬೇರೆ ಯಾರೋ ಇದ್ದ. ಡ್ರೈವರ್ ಮಾತ್ರ ಚಾಂದ್‌ಪಾಷಾ, ಶಿವರಾಜನೊಡನೆ ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿದ ಹಿರಿಯ. ಅವಳನ್ನು ನೋಡಿದವನೇ ತನ್ನ ಹಿಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ ಜಾಗ ಮಾಡಿಸಿದ. ಅವಳು ಬೇಡವೆಂದರೂ ಕೇಳಲಿಲ್ಲ.

ಮಸ್ಕಿ ನಿಲ್ದಾಣದಲ್ಲಿ ಬಸ್ಸು ನಿಂತಾಗ ಅವಳಿಗೂ ಒಂದು ಚಹಾ ತಂದು ಕಿಟಕಿಯಿಂದ ಕೊಟ್ಟ. ತನ್ನದನ್ನು ಹಿಡಿದು ಕೆಳಗೇ ನಿಂತ. ಹ್ಯಾಟಿಯ ಟಿಕೆಟ್ ಅವನ ಮನೆಯಲ್ಲಿ ಎಲ್ಲರಿಗೂ ಹಿಡಿಸಿತ್ತಂತೆ. ಹೆಂಡತಿ ಜೈನಾಬೀಗೆ ಓದಲು ಬಾರದು. ಮಗಳು ಓದಿ ಹೇಳಿದ್ದನ್ನು ಕೇಳಿ ನಕ್ಕು, ಅಂಥ ಮುದುಕಿ ನಮ್ಮ ಓಣಿಯಲ್ಲೂ ಇದ್ದಾಳೆ ಎಂದಿದ್ದಳಂತೆ. ಯಶೋಧರಾಳಿಗೆ ಹಿಗ್ಗಾಯಿತು. ಚಾಂದ್‌ಪಾಷಾ ಚಹಾ ಊದಿಕೊಂಡು ಕುಡಿದು, ದನಿ ತಗ್ಗಿಸಿದ.

“ಆ ಕೂಸಿಂದು ಬರೀಲಿಲ್ಲ ನೋಡ್ರಿ ನೀವು. ಛಲೋ ಮಾಡಿದ್ರಿ ತಂಗೆಮ್ಮ. ಬರ್ದಿದ್ರ ನಮ್ಮಿಬ್ರ ನೌಕರಿಗೂ ಕುತ್ತು.”

ಯಾವ ಕೂಸು ಎಂಬ ಮಾತು ಅವಳ ಬಾಯಿಯವರೆಗೂ ಬಂತು. ಆದರೆ ತನ್ನ ಗಂಡ ತನಗೆ ಹೇಳಿಲ್ಲವೆಂಬುದು ಇನ್ನೊಬ್ಬರಿಗೆ ಗೊತ್ತಾಗುವುದು ಅವಳಿಗೆ ಬೇಡವಾಯಿತು. “ಅವ್ರು ಅರ್ಧಂಬರ್ಧ ಹೇಳ್ಯಾರ. ನೀವು ಕಂಡಿದ್ದು ಹೇಳ್ರಿ ಅಣ್ಣಾರ,” ಎಂದಳು.

ಆ ಮಂಗಳವಾರ ಲಿಂಗಸುಗೂರಿನಲ್ಲಿ ಒಬ್ಬ ಬಾಣಂತಿ ಹತ್ತಿದ್ದಳು. ಜೊತೆಗೆ ಯಾರೂ ಇಲ್ಲ. ಗಂಡ ಜವಳಗೇರಾದ ಕಡೆ ಗದ್ದೆ ಕೆಲಸಕ್ಕೆ ಹೋಗಿದ್ದ. ಅವನಿಗೆ ಫೋನು ಹತ್ತಿರಲಿಲ್ಲ. ಟವೆಲಿನಲ್ಲಿ ಸುತ್ತಿದ ಕೂಸನ್ನು ಎದೆಗೆ ಅವುಚಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು. ಶಿವರಾಜ ಆಧಾರ್ ಕಾರ್ಡು ಕೇಳಿದ. ಅವಳು ಕೈ ಬಿಡಿಸಲಿಲ್ಲ. ಮತ್ತೆ ಕೇಳಲು ಬಾಗಿದವನಿಗೆ ಕೂಸಿನ ಮುಖ ಕಂಡಿತು. ಕೂಸಿನ ಜೀವ ಹೋಗಿತ್ತು. ಹಿಂದೆ ಕೂತಿದ್ದವನೊಬ್ಬನಿಗೂ ಸಂಶಯ ಬಂದು, ಇಂಥದ್ದನ್ನೆಲ್ಲಾ ಬಸ್ಸಿನಲ್ಲಿ ಒಯ್ಯುವ ಹಾಗಿಲ್ಲ, ಇಳಿಸಿರಿ ಎಂದು ಗೊಣಗತೊಡಗಿದ.

“ಕೂಸು ಮಲಗ್ಯಾದ, ಸುಮ್ನ ಕುಂದ್ರಿ ಅಂದ್ರು ನಿಮ್ಮೋರು,” ಎಂದ ಚಾಂದ್‌ಪಾಷಾ. “ಹಂಗ ಜೋರಾಗಿ ಮಾತಾಡಿದ್ದನ್ನ ನಾ ಕೇಳಿದ್ದಿಲ್ಲ ಎಂದೂ.”

ಮಸ್ಕಿ ದಾಟಿದ ಮೇಲೆ ಬಾಣಂತಿಯ ಕೈ ನಡುಗತೊಡಗಿ, ಕೂಸು ಜಾರುವಂತಾಯಿತಂತೆ. ಶಿವರಾಜ ಪಕ್ಕದಲ್ಲಿ ಕೂತು ಕೂಸನ್ನು ತನ್ನ ತೊಡೆಯ ಮೇಲೆ ಇಸಿದುಕೊಂಡ. ಸಿಂಧನೂರು ಬರುವ ತನಕ ಏಳಲಿಲ್ಲ. ನಡುವೆ ಹತ್ತಿದವರೇ ಹಣ ಮುಂದಕ್ಕೆ ದಾಟಿಸಿ ಟಿಕೆಟ್ ಪಡೆದರು. ಚಾಂದ್‌ಪಾಷಾ ಕನ್ನಡಿಯಲ್ಲಿ ನೋಡಿದ್ದ.

“ತಲಿ ಕೆಳಗ ಕೈ ಕೊಟ್ಟು ಹಿಡ್ಕೊಂಡಿದ್ದ ತಂಗೆಮ್ಮ. ಹ್ವಾದ ಕೂಸಿಗೆ ಯಾರರ ಹಂಗ ಹಿಡೀತಾರೇನು.” ಅವನು ಲೋಟದ ತಳ ನೋಡಿದ. “ಹೆಸರೇನವ್ವ ಅಂದ. ಇನ್ನಾ ಇಟ್ಟಿಲ್ರಿ ಅಂದ್ಳು ಆಕಿ. ಆಮ್ಯಾಲ ಇಂವ, ಹೆಸರಿಲ್ದ ಮಣ್ಣಿಗೆ ಇಡಬ್ಯಾಡವ್ವ, ಮೈತ್ರಿ ಅನ್ನು ಅಂದ. ಆಕಿ ಒಂದ್ಸಲ ಅಂದ್ಳು. ಅಂದ್ಮ್ಯಾಲ ಅಳು ಬಂತು ಆಕಿಗೆ. ಅಲ್ಲೀತನ ಅತ್ತಿದ್ದಿಲ್ಲ.”

ಯಶೋಧರಾಳ ಕೈಯಲ್ಲಿದ್ದ ಚಹಾ ಆರಿತ್ತು. ಮೈತ್ರಿ. ಮಾಳಿಗೆಯ ಕತ್ತಲಲ್ಲಿ ಅವಳು ಒಮ್ಮೆ ಹೇಳಿದ್ದ ಹೆಸರು. ಅವನಿಗೆ ಮರೆತುಹೋಗಿರಬೇಕೆಂದು ಅವಳು ಎಂದೋ ತೀರ್ಮಾನಿಸಿದ್ದ ಹೆಸರು.

ಸಿಂಧನೂರಿನಲ್ಲಿ ಇಳಿದ ಮೇಲೆ ಶಿವರಾಜನೇ ಕೂಸನ್ನು ಎತ್ತಿಕೊಂಡು ಆಕೆಯನ್ನು ಜವಳಗೇರಾದ ಬಸ್ಸಿನವರೆಗೆ ನಡೆಸಿಕೊಂಡು ಹೋದನಂತೆ. ಆ ಬಸ್ಸಿನ ಕಂಡಕ್ಟರಿಗೂ, ಕೂಸು ಮಲಗಿದೆ ಎಂದೇ ಹೇಳಿದನಂತೆ.

“ಡಿಪೋದಾಗ ನೀರು ಕುಡಿ ಅಂದ್ರ ಒಲ್ಲೆ ಅಂದ,” ಎಂದ ಚಾಂದ್‌ಪಾಷಾ. “ಮನಿಗೆ ಹೋಗಿ ಯಶೋಧಾಗ ಹೇಳ್ತೀನಿ, ಹೇಳಿದ್ರನ ನಿದ್ದಿ ಬರೂದು ನನಗ ಅಂತ ಹೊಂಟ. ಹೇಳಿ ಹಗುರಾದ ಕಾಣ್ತೈತಿ. ಮರುದಿನ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಬಂದಾನ.”

ಅವಳು ಹೂಂ ಎಂದಳು. ಲೋಟ ಹಿಂದಕ್ಕೆ ಕೊಟ್ಟಳು. ಅವನು ಅದರಲ್ಲಿ ಉಳಿದ ಚಹಾ ನೋಡಿ, ಚೆಲ್ಲಿ, ಹೋಗಿ ಸ್ಟೇರಿಂಗಿನ ಮುಂದೆ ಕೂತ.

ಮಸ್ಕಿಯಿಂದ ಮುಂದಿನ ದಾರಿಯಲ್ಲಿ ಅವಳಿಗೆ ಮೊದಲು ಬಂದದ್ದು ಸಿಟ್ಟು. ಯಾರದೋ ಕೂಸಿಗೆ, ಕೇಳದೆ ಹೇಳದೆ, ಆ ಹೆಸರನ್ನು ಕೊಟ್ಟುಬಿಟ್ಟನಲ್ಲಾ. ತಾನು ಮುಚ್ಚಿಟ್ಟು ಯಾರಿಗೂ ತೋರಿಸದಿದ್ದದ್ದನ್ನು ಬಸ್ಸಿನಲ್ಲಿ ತೆಗೆದು ಕೊಟ್ಟು ಬಂದಿದ್ದಾನೆ. ಒಣ ಹೊಲಗಳು ಮುಗಿದು ಕಾಲುವೆಯ ಹಸಿರು ಕಾಣುವ ಹೊತ್ತಿಗೆ ಆ ಸಿಟ್ಟಿಗೆ ನಿಲ್ಲಲು ನೆಲವಿಲ್ಲದಂತಾಯಿತು. ಆ ಮಂಗಳವಾರ ಅವನು ಕೇಳಲಿಕ್ಕೇ ಬಂದಿದ್ದನೋ ಏನೋ. ಕೊಟ್ಟದ್ದು ತಪ್ಪಾಯಿತೇ ಎಂದು ಅವಳೊಬ್ಬಳನ್ನೇ ಕೇಳಬಹುದಿತ್ತು. ಎದೆಯ ಹತ್ತಿರ ಮುದುಡಿದ್ದ ಆ ಅಂಗಿಯನ್ನು ಅವಳೇ ನೆನೆಹಾಕಿ ಒಗೆದಿದ್ದಳು, ಅವಳೇ ಇಸ್ತ್ರಿ ಮಾಡಿ ನೆರಿಗೆ ತೆಗೆದಿದ್ದಳು. ಆ ಮೇಲಿನ ಭಾನುವಾರಗಳಲ್ಲಿ ಫೋನು ಮುಂದಿಟ್ಟಾಗ ಅವನು ಹೇಳಿದ್ದೆಲ್ಲಾ ನಗುವಿನದ್ದೇ ಆಗಿತ್ತೆಂದು ಈಗ ಹೊಳೆಯಿತು. ಅವಳಿಗೆ ಏನು ಬೇಕೆಂದು ಅವನಿಗೆ ಗೊತ್ತಾಗಿತ್ತು. ಅದನ್ನು ತಪ್ಪದೆ ಕೊಡುತ್ತಿದ್ದ.

ಮನೆ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಶಿವರಾಜ ಮುಂದಿನ ಕಟ್ಟೆಯ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದ. ಎಲೆ ಬುಟ್ಟಿಗೆ, ದಂಟು ಪತ್ರಿಕೆಯ ಮೇಲೆ. ಅನ್ನಕ್ಕೆ ಇಟ್ಟಾಗಿದೆ, ಕೈಕಾಲು ತೊಳೆದುಕೋ ಎಂದ. ಅವಳು ಚೀಲ ಕೆಳಗಿಟ್ಟು ಎದುರಿಗೇ ಕೂತಳು.

“ಏನರ ಹೇಳ್ರಿ,” ಎಂದಳು.

“ಏನು?”

“ಏನಾರ. ಬಸ್ಸಿಂದು.”

ಅವನು ಅವಳ ಮುಖ ನೋಡಿದ. “ಇವತ್ತು ಬುಧವಾರ ಅಲ್ಲಾ?” ಎಂದ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಒಳ್ಳೆಯದಾಗುತ್ತಿತ್ತು. “ದಿನ ಬದಲಿ ಮಾಡೀಯೇನು? ಒಂದು ಐತಿ, ಮದುವಿ ಬ್ಯಾಂಡಿನೋರ್ದು. ಭಾನುವಾರಕ್ಕಂತ ಇಟ್ಟಿದ್ದೆ. ಫೋನ್ ತಗೋ ಬೇಕಂದ್ರ.”

“ಫೋನ್ ಬ್ಯಾಡ. ಚಾಂದಣ್ಣ ಸಿಕ್ಕಿದ್ದ.”

ದಂಟು ಮುರಿಯುತ್ತಿದ್ದ ಬೆರಳು ನಿಂತವು.

“ಹಂಗಾರ ಗೊತ್ತಾತು ನಿನಗ,” ಎಂದ.

“ನೀವು ಹೇಳ್ರಿ. ನಿಮ್ಮ ಬಾಯಿಂದ ಕೇಳಬೇಕು ನಾ.”

ಅವನು ಬಾಯಿ ತೆರೆದ. ಲಿಂಗಸೂರಾಗ ಎಂದ. ಅಷ್ಟೇ ಆಯಿತು. “ಅವತ್ತು ಬಂತು ಬಾಯಿಗೆ, ಯಶೋಧಾ,” ಎಂದ ಕೊನೆಗೆ, ತಪ್ಪೊಪ್ಪುವವನ ದನಿಯಲ್ಲಿ. “ಈಗ ಬರವಲ್ದು.”

ಅವಳು ಅತ್ತರೆ ಅವನು ಸಮಾಧಾನ ಮಾಡಲು ಏಳುತ್ತಾನೆ, ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಳಲಿಲ್ಲ. “ನಾ ಹೇಳ್ಲಿ?” ಎಂದಳು.

“ಲಿಂಗಸೂರಾಗ ಒಬ್ಬಾಕಿ ಹತ್ತಿದ್ಳು,” ಎಂದು ಶುರು ಮಾಡಿದಳು. “ಬಿಳೀ ಟವೆಲ್‌ನಾಗ ಕೂಸು ಸುತ್ತಿದ್ಳು.”

“ಬಿಳೀದಲ್ಲ,” ಎಂದ ಶಿವರಾಜ. “ಹಸರು. ಅಂಚಿಗೆ ಹೂವಿತ್ತು.”

“ಹಸರು ಟವೆಲ್. ಆಧಾರ್ ಕಾರ್ಡು ಕೇಳಿದ್ರ ಕೈ ಬಿಡಿಸಲಿಲ್ಲ.”

“ಬಿಡಸಾಕ ನೋಡಿದ್ಳು. ಕೈ ಸೆಟದಿತ್ತು.”

ಒಂದೊಂದೇ ಸಾಲು ಹೇಳುತ್ತಾ ಹೋದಳು. ಅಲ್ಲಲ್ಲಿ ಅವನು ಒಂದೊಂದು ಮಾತು ಸೇರಿಸಿದ. ಕೂಸಿನ ಕಿವಿಯ ಹಿಂದೆ ಕಾಡಿಗೆಯ ಬೊಟ್ಟಿತ್ತು ಎಂದ. ಭಾರವೇ ಇರಲಿಲ್ಲ ಎಂದ, ಮತ್ತೆ ಸ್ವಲ್ಪ ಹೊತ್ತಿಗೆ, ನಮ್ಮದಕ್ಕಿಂತ ಭಾರ ಇತ್ತು ಎಂದ. ಕೈ ನಡುಗಿದ್ದು ಹೇಳಿದಳು, ತೊಡೆಯ ಮೇಲೆ ಇಸಿದುಕೊಂಡದ್ದು ಹೇಳಿದಳು.

“ಹೆಸರೇನವ್ವ ಅಂತ ಕೇಳಿದ್ರಿ. ಇಟ್ಟಿಲ್ಲ ಅಂದ್ಳು ಆಕಿ. ಆಗ ನೀವು…”

ಅಲ್ಲಿಂದ ಮುಂದೆ ಅವಳಿಗೆ ಆಗಲಿಲ್ಲ. ಅವನು ಅನ್ನಲಿ ಎಂದು ಕಾದಳು. ಅವಳು ಅನ್ನಲಿ ಎಂದು ಅವನೂ ಕಾಯುತ್ತಿದ್ದ ಹಾಗಿತ್ತು. ಒಳಗೆ ಅನ್ನ ಕುದಿದು ಮುಚ್ಚಳ ಸದ್ದು ಮಾಡಿತು, ಯಾರೂ ಏಳಲಿಲ್ಲ.

ಶಿವರಾಜ ಇನ್ನೊಂದು ಕಟ್ಟು ಸೊಪ್ಪು ಬಿಚ್ಚಿದ. ಎಲೆ ಕಿತ್ತು ಪತ್ರಿಕೆಯ ಮೇಲೆ ಹಾಕಿದ, ದಂಟನ್ನು ಬುಟ್ಟಿಗೆ ಹಾಕಿದ. ಮತ್ತೊಂದನ್ನೂ ಹಾಗೆಯೇ. ಅದಲುಬದಲಾದದ್ದನ್ನು ಯಶೋಧರಾ ನೋಡಿದಳು, ತಿದ್ದಲಿಲ್ಲ. ಅವಳೂ ಕೈಗೆ ಸಿಕ್ಕಷ್ಟು ಸೊಪ್ಪು ಎಳೆದುಕೊಂಡು, ಎಲೆ ಕಿತ್ತು, ಪತ್ರಿಕೆಯ ಮೇಲೆ ಅವನು ಹಾಕಿದ್ದರ ಪಕ್ಕದಲ್ಲೇ ಹಾಕಿದಳು. ಕತ್ತಲಾಗುತ್ತಾ ಬಂದು ಯಾವುದು ಎಲೆ, ಯಾವುದು ದಂಟು ಎಂದು ಕಾಣದಾಯಿತು. ದೀಪ ಹಾಕಲು ಇಬ್ಬರೂ ಎದ್ದು ಹೋಗಲಿಲ್ಲ.